ಒನೋರಿಯೋ ಮೇಷ್ಟ್ರು ಬೀಳಿಸದ ಗೋಡೆ

ವಿಂಡ್ಸರ್, ಒಂಟಾರಿಯೊ
೩ ಮಾರ್ಚ್ ೧೯೯೮

ಮಗಳು ನೊರೀನಾಳಿಗೆ,

ನನ್ನ ಕೈಗೆ ಪೆನ್ನು ಹಿಡಿಸುವ ಹುಚ್ಚು ನಿನಗೆ ಯಾರು ಹತ್ತಿಸಿದರೋ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಹೊತ್ತವನು ನಾನು. ಫೋನಿನಲ್ಲಿ ಹೇಳುತ್ತೇನೆ, ನೀನೇ ಬರೆದುಕೋ ಎಂದರೆ, "ಇಲ್ಲ ದೊಡ್ಡಪ್ಪ, ನಿಮ್ಮ ಕೈಬರಹದಲ್ಲೇ ಬೇಕು" ಎಂದೆ. ತಡವಾಯಿತು. ಕೈನೋವಿನಿಂದಲ್ಲ, ಸಿಟ್ಟಿನಿಂದ. ನಿನ್ನ ಅಮ್ಮ ಡೆಲ್ಫೀನಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆ ತಾನೆ?

ಕಾಲೇಜಿನಲ್ಲಿ ಇಟ್ಟಿಗೆ ಕೆಲಸ ಕಲಿಸುವ ಶೆಡ್ಡಿಗೆ ನಿನ್ನ ಅಪ್ಪನ ಹೆಸರಿಡುವ ದಿನ ಓದಲಿಕ್ಕೆ ಅವನ ವಿಷಯ ಬೇಕಂತೆ. ಇದರಲ್ಲಿ ಬೇಕಾದ್ದು ಎತ್ತಿಕೋ. ಆದರೆ ಕೆಳಗೊಂದು ವಾಕ್ಯಕ್ಕೆ ಗೆರೆ ಹಾಕಿದ್ದೇನೆ. ಅದನ್ನು ಬಿಟ್ಟು ಓದುವುದಾದರೆ ಪತ್ರವನ್ನೇ ಒಲೆಗೆ ಹಾಕು.

ಇಟಲಿಯ ಫ್ರಿಯೂಲಿಯಿಂದ ಹಡಗು ಹತ್ತಿ ಬಂದಾಗ ನನ್ನ ತಮ್ಮ ಒನೋರಿಯೋಗೆ ಇನ್ನೂ ಮೀಸೆ ಬಂದಿರಲಿಲ್ಲ. ನಾನು ಗಾರೆ ಹೊತ್ತೆ, ಅವನು ಇಟ್ಟಿಗೆ ಇಟ್ಟ. ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಪೊಲೆಂಟಾ ಗಟ್ಟಿಯನ್ನು ದಾರದಿಂದ ಕೊಯ್ಯುವಾಗಲೂ ಒಂದು ಕಣ್ಣು ಮುಚ್ಚಿ ನೇರ ನೋಡುತ್ತಿದ್ದ. ನಮ್ಮಮ್ಮ, "ಲೋ, ಅದು ಹೊಟ್ಟೆಗೆ ಹೋಗೋದು, ಗೋಡೆಗಲ್ಲ" ಎನ್ನುತ್ತಿದ್ದಳು. ಸಂಜೆ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತ, ಕೊನೆಗೆ ಆ ಕಾಲೇಜಿನಲ್ಲೇ ಮೇಷ್ಟ್ರಾದ. ನಿನ್ನನ್ನು ಪಿಟೀಲು ಪಾಠಕ್ಕೆ ಬಿಟ್ಟು, ಬೂಟಿಗೆ ಗಾರೆ ಮೆತ್ತಿದೆಯೆಂದು ಚಳಿಯಲ್ಲೂ ಟ್ರಕ್ಕಿನಲ್ಲೇ ಕೂತಿರುತ್ತಿದ್ದ. ಅದು ನಿನಗೆ ಗೊತ್ತು.

ಶೆಡ್ಡಿನ ಗಾರೆಗೆ ಸಿಮೆಂಟು ಹಾಕುವುದಿಲ್ಲ. ಬರೀ ಸುಣ್ಣ, ಮರಳು. ಹುಡುಗರು ಕಟ್ಟಿದ್ದನ್ನು ಕೆಡವಿ ಅದೇ ಇಟ್ಟಿಗೆಯಲ್ಲಿ ಮತ್ತೆ ಕಟ್ಟಬೇಕಲ್ಲ. ಶುಕ್ರವಾರ ಒನೋರಿಯೋ ಗೋಡೆಯ ನೇರ ನೋಡುವ ತೂಗುಗುಂಡು ಹಿಡಿದು ಬರುತ್ತಿದ್ದ. ಗೋಡೆ ವಾಲಿದ್ದರೆ ಮಾತಿಲ್ಲ, ಬೂಟುಗಾಲಿನಿಂದ ಒಂದು ಒದೆ. ಎಮ್ಮೆಯಂಥ ಹುಡುಗರು ಅತ್ತಿದ್ದುಂಟು. "ನಾನು ಬೀಳಿಸಿದ್ರೆ ಮೂಗು ಒರೆಸ್ಕೊಂಡು ಮತ್ತೆ ಕಟ್ತೀಯ. ಗಾಳಿ ಬೀಳಿಸಿದ್ರೆ ಕಟ್ಟೋಕೆ ನೀನೇ ಇರಲ್ಲ" ಎನ್ನುತ್ತಿದ್ದ. ಭಾನುವಾರ ಅದೇ ಹುಡುಗರು ನಿಮ್ಮ ಮನೆಯಲ್ಲಿ ಸೂಪು ಕುಡಿಯುತ್ತಿದ್ದರು.

ಈಗ ಗೆರೆ ಹಾಕಿದ್ದು: ಒನೋರಿಯೋ ವಾಲಿದ ಗೋಡೆಯೊಂದನ್ನು ಬೀಳಿಸದೆ ಬಿಟ್ಟಿದ್ದಾನೆ, ಅದು ಅವನ ಅಣ್ಣನ ಮಗ ಲಿವಿಯೋ ಪರೀಕ್ಷೆಗೆ ಕಟ್ಟಿದ್ದು.

ಅವತ್ತು ಕಾಲೇಜಿಗೆ ಮರಳು ಇಳಿಸಲು ಹೋಗಿದ್ದ ನಾನು ಕಣ್ಣಾರೆ ಕಂಡೆ. ಗುಂಡು ಇಳಿಬಿಟ್ಟ, ನೋಡಿದ, ಜೇಬಿಗಿಟ್ಟುಕೊಂಡು ಮುಂದೆ ಹೋದ. ಭಾನುವಾರ ಕ್ಲಬ್ಬಿನಲ್ಲಿ ಕೇಳಿದೆ.

"ಯಾಕೋ ಒದೀಲಿಲ್ಲ?"

"ಬಿಡಣ್ಣ, ನಮ್ಮನೆ ಹುಡುಗ. ಸೈಟಲ್ಲಿ ಕಲ್ತ್ಕೋತಾನೆ."

"ಅಲ್ಲಿ ಕಲಿಸೋದ್ಯಾರು, ನಿನ್ನ ಹೆಂಡ್ತೀನಾ?"

ಸುತ್ತ ಇದ್ದವರೆಲ್ಲ ನಕ್ಕರು. ಮಾತು ಅಲ್ಲಿಗೇ ನಿಂತಿತು.

ಸರ್ಟಿಫಿಕೇಟು ನೋಡಿ ಮೇಸ್ತ್ರಿಯೊಬ್ಬ ನನ್ನ ಮಗ ಲಿವಿಯೋನನ್ನು ಒಂಟಿಯಾಗಿ ಕೆಲಸಕ್ಕೆ ಬಿಟ್ಟ. ನವೆಂಬರಿನಲ್ಲಿ, ಹಸಿಗೋಡೆಗೆ ಆಸರೆ ಮರ ಕೊಡದೆ, ಅದರ ಮಗ್ಗುಲಲ್ಲೇ ಕೂತು ಲಿವಿಯೋ ಬ್ರೆಡ್ಡು ತಿನ್ನುತ್ತಿದ್ದ. ಸರೋವರದ ಕಡೆಯಿಂದ ಗಾಳಿ ಎದ್ದು ಗೋಡೆ ಅವನ ಮೇಲೆ ಬಿತ್ತು. ಅವತ್ತಿನಿಂದ ಅವನು ಗಾಲಿಕುರ್ಚಿಯಲ್ಲಿದ್ದಾನೆ. ಗೋಡೆ ಬಿದ್ದದ್ದು ನಿನಗೆ ಗೊತ್ತು, ಅವನು ಪಾಸಾದದ್ದು ಹೇಗೆಂದು ಗೊತ್ತಿಲ್ಲ.

ಆಮೇಲೆ ನಿನ್ನ ಅಪ್ಪ ಮಾಡದ ಸೇವೆಯಿಲ್ಲ. ಕುರ್ಚಿ ಹತ್ತಲು ನಮ್ಮ ಬಾಗಿಲಿಗೆ ಇಳಿಜಾರು ಕಟ್ಟಿದ. ವಾರವಾರ ಬಂದು ಲಿವಿಯೋಗೆ ಸ್ನಾನ ಮಾಡಿಸಿದ. "ಅಂಥ ಚಿಕ್ಕಪ್ಪ ಯಾರಿಗಿದ್ದಾರೆ" ಎಂದು ಊರೇ ಹೇಳಿತು. ನನ್ನ ಹತ್ತಿರ ಹಾಕಿ ಆಟದ ಮಾತಾಡಿದ, ಇಟ್ಟಿಗೆಯ ರೇಟು ಮಾತಾಡಿದ. ಆ ಗೋಡೆಯ ಸುದ್ದಿ ಎತ್ತಲಿಲ್ಲ. ನಾನು ಕಾದೆ. ಅವನು ಸತ್ತ.

ಶೆಡ್ಡಿನ ಹಿತ್ತಾಳೆ ಹಲಗೆಗೆ "ಅವರಿಗೆ ಕುಟುಂಬವೇ ಎಲ್ಲಕ್ಕಿಂತ ದೊಡ್ಡದು" ಎಂದು ಬರೆಸುತ್ತೀಯಂತೆ. ನಿಜ. ನನ್ನ ತಕರಾರೂ ಅದೇ. ಊರಿನ ಮಕ್ಕಳಿಗೆ ಅವನು ಮೇಷ್ಟ್ರಾದ, ನನ್ನ ಮಗನಿಗೆ ಚಿಕ್ಕಪ್ಪನಾದ. ಊರಿನ ಮಕ್ಕಳು ಇವತ್ತೂ ತಮ್ಮ ಕಾಲ ಮೇಲೆ ನಿಂತು ಗೋಡೆ ಕಟ್ಟುತ್ತಿದ್ದಾರೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನೂ ನಿನ್ನ ಮಕ್ಕಳೂ ಚೆನ್ನಾಗಿರಿ, ದೇವರು ನಿಮ್ಮ ಮನೆಯನ್ನು ಬೆಚ್ಚಗಿಡಲಿ.

ನಿನ್ನ ದೊಡ್ಡಪ್ಪ,
ಜಿಲ್ಡೋ

ಮರೆತ ಮಾತು: ಇದು ಸಭೆಯಲ್ಲಿ ಓದುವುದಕ್ಕಲ್ಲ. ಪತ್ರ ಮುಗಿಸಿ ಲಿವಿಯೋಗೆ ಓದಿ ಹೇಳಿದೆ. "ಆ ಸಾಲು ಹೊಡೆದು ಹಾಕಪ್ಪ" ಎಂದ. "ಚಿಕ್ಕಪ್ಪ ನಂಗೆ ಯಾವತ್ತೋ ಹೇಳಿದ್ರು. ಸ್ನಾನ ಮಾಡಿಸ್ತಾ ಅತ್ತುಬಿಟ್ರು. ನಾನು ಆಗ್ಲೇ ಆ ವಿಷ್ಯ ಬಿಟ್ಟುಬಿಟ್ಟೆ." ನನಗೆ ಯಾಕೆ ಹೇಳಲಿಲ್ಲವೋ ಎಂದೆ. "ನಿನಗೆ ಹೇಳೋಕೆ ಅವರಿಗೆ ಭಯ. ನಂಗೂ" ಎಂದ. ಬಚ್ಚಲಲ್ಲಿ ಅವರಿಬ್ಬರ ನಡುವೆ ಎಲ್ಲ ಮುಗಿದಿತ್ತು. ಆಚೆ ಅಡುಗೆಮನೆಯಲ್ಲಿ ನಾನು ಇಬ್ಬರಿಗೂ ಕಾಫಿ ಇಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಾ ಕೂತಿದ್ದೆ.

ಸಾಲು ಹೊಡೆದು ಹಾಕಿಲ್ಲ. ಒನೋರಿಯೋ ನನ್ನೆದುರು ಹೇಳದ್ದನ್ನು ಅವನ ಮಗಳು ನನ್ನೆದುರು ಓದಲಿ. ಓದುತ್ತೀಯೋ ಇಲ್ಲವೋ, ಸಭೆಗೆ ಮುಂಚೆ, ಮಾರ್ಚ್ ಹದಿನಾಲ್ಕರೊಳಗೆ ಉತ್ತರ ಬರೆ.