ಮೆಟ್ಟಿಲಿನಿಂದ ಕಿತ್ತುಕೊಂಡ ಅರ್ಧ ಅಡಿ

ಫೆಬ್ರವರಿ 9

ಇವತ್ತೂ ಸೈಟಿಗೆ ಹೋಗಿ ಬಂದೆ. ದಿನಾ ಹೋಗದಿದ್ದರೆ ಮೇಸ್ತ್ರಿ ನಮ್ಮ ಮನೆಯನ್ನು ಪಕ್ಕದವರಿಗೆ ಕಟ್ಟಿಕೊಟ್ಟಾನು. ಅಗಲ ಹದಿನಾಲ್ಕೇ ಅಡಿ. ಎರಡೂ ಕಡೆ ದೊಡ್ಡ ಮನೆಗಳು, ನಡುವೆ ನಮ್ಮ ಜಾಗ — ಬಸ್ಸಿನಲ್ಲಿ ಇಬ್ಬರು ದಪ್ಪ ಹೆಂಗಸರ ಮಧ್ಯೆ ಸಿಕ್ಕಿಕೊಂಡ ಹೊಸ ಸೊಸೆಯ ಹಾಗೆ.

ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದಾರೆ. ಇದು ನಡುಮನೆ, ಇದು ಅಡುಗೆಮನೆ, ಇದು ಮೆಟ್ಟಿಲು. ಅಡುಗೆಮನೆಯ ಗೆರೆಯೊಳಗೆ ನಿಂತು, ಒಲೆ ಇಲ್ಲಿದೆ ಅಂದುಕೊಂಡು ತಿರುಗಿ ನೋಡಿದೆ. ಹಿಂದೆ ಸೊಸೆ ಇದ್ದಿದ್ದರೆ ಮೊಣಕೈ ಅವಳ ಹೊಟ್ಟೆಗೇ. ನಲವತ್ತು ವರ್ಷ ಬಾಡಿಗೆ ಮನೆಗಳಲ್ಲಿ ಹೀಗೇ ಬೇಯಿಸಿದ್ದು. ಒಬ್ಬಳು ತಿರುಗಬೇಕಾದರೆ ಇನ್ನೊಬ್ಬಳು ಹೊರಗೆ ಬರಬೇಕು. ಸ್ವಂತ ಮನೆಯಲ್ಲೂ ಅದೇ ಆದರೆ ಯಾವ ಭಾಗ್ಯಕ್ಕೆ.

ಅರ್ಧ ಅಡಿ ಬೇಕು. ಅದು ಹೇಗೆ ಬರುವುದಿಲ್ಲವೋ ನೋಡುತ್ತೇನೆ.

ಫೆಬ್ರವರಿ 11

ಬಂತು. ಮೆಟ್ಟಿಲಿನಿಂದ.

ಇಂಜಿನಿಯರ್ ಹುಡುಗಿ ಪ್ಲಾನ್ ಹರಡಿಕೊಂಡು ಕೂತಿದ್ದಳು. ಅಡುಗೆಮನೆ ಗೋಡೆಯ ಆಚೆಗೇ ಮೆಟ್ಟಿಲು, ಮೂರಡಿ ಅಗಲ. ಗೋಡೆಯನ್ನು ಅರ್ಧ ಅಡಿ ಆ ಕಡೆ ತಳ್ಳಮ್ಮ ಅಂದೆ. ಇವರು, ನಮ್ಮ ಯಜಮಾನರು, ಬೇಡ ಅಂದರು. ಮಗನ ಮನೆ ವಿಷಯದಲ್ಲಿ ಅದುವರೆಗೂ ತುಟಿ ಬಿಚ್ಚದೆ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಮನುಷ್ಯ. ಮೂರಡಿಗೆ ಒಂದು ಇಂಚೂ ಕಡಿಮೆ ಮಾಡಬೇಡಿ, ತಿರುವಿನಲ್ಲಿ ಏನೂ ತಿರುಗುವುದಿಲ್ಲ ಅಂದರು. ಮೂವತ್ತೈದು ವರ್ಷ ಜನರ ಮನೆ ಸಾಮಾನು ಹೊತ್ತು ಸಾಗಿಸಿದವರು. ಈ ಊರಿನ ಮೆಟ್ಟಿಲುಗಳೆಲ್ಲ ಇವರ ಬೆನ್ನಿಗೆ ಗೊತ್ತು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಬೀರು ಹೊತ್ತವರ ಮಾತು ಕೇಳಿ ಮನೆ ಕಟ್ಟಿದ್ರೆ ಬೀರು ಸುಖವಾಗಿರುತ್ತೆ, ನಾವಲ್ಲ. ಮನೆ ಕಟ್ಟೋದು ಮನುಷ್ಯರಿಗೆ ಕಣ್ರೀ."

ಎಲ್ಲರೂ ನಕ್ಕರು. ಮೇಸ್ತ್ರಿಯಂತೂ ಅಂಗಿ ಮೇಲೆ ಚಹಾ ಚೆಲ್ಲಿಕೊಂಡ. ಇವರೂ ನಕ್ಕರು. ಆಮೇಲೆ ಲೋಟ ಕೆಳಗಿಟ್ಟು, "ಅವಳು ಹೇಳಿದ ಹಾಗೇ ಹಾಕಮ್ಮ" ಅಂದರು.

ಗೆದ್ದೆ.

ಏಪ್ರಿಲ್ 26

ಕಾಂಕ್ರೀಟು ಗಟ್ಟಿಯಾಯಿತು ಅಂತ ಮೆಟ್ಟಿಲಿನ ಹಲಗೆ ಬಿಚ್ಚಿದರು. ಇವರು ಹತ್ತಿ ತಿರುವಿನಲ್ಲಿ ನಿಂತರು. ಎರಡೂ ಮೊಣಕೈ ಅಗಲಿಸಿದರು. ಎರಡೂ ಗೋಡೆಗೆ ತಾಗಿದವು. ಮೊಣಕೈಯ ಸಿಮೆಂಟು ಒರೆಸಿಕೊಂಡು ಇಳಿದು ಬಂದರು.

ಏನು ಅಂತ ಕೇಳಬಹುದಿತ್ತು. ಅಡುಗೆ ಕಟ್ಟೆಗೆ ಕರಿಕಲ್ಲೋ ಹಸಿರು ಕಲ್ಲೋ ಅಂತ ಸೊಸೆಯ ಜೊತೆ ಜಗಳ ನಡೆದಿತ್ತು. ಕೇಳಲಿಲ್ಲ.

ಅಕ್ಟೋಬರ್ 18

ಬಂದು ಸೇರಿಕೊಂಡೆವು. ಮೈಕೈ ನೋವು. ಆದರೂ ಬರೆಯಬೇಕು.

ಬೀರು ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ನನ್ನದೇ ಬೀರು. ಲಾರಿಯವರು ಹಾಗೆ ತಿರುಗಿಸಿ ಹೀಗೆ ತಿರುಗಿಸಿ, ಹೊಸ ಗೋಡೆಯ ಬಣ್ಣ ಕೆರೆದು, ಆಗಲ್ಲ ಅಂದುಬಿಟ್ಟರು. ಇವರು ಹಳೆಯ ಜೊತೆಗಾರರಿಬ್ಬರಿಗೆ ಫೋನು ಮಾಡಿದರು. ಉದ್ದಣ್ಣ, ಕುಳ್ಳಣ್ಣ. ನಿಜವಾದ ಹೆಸರು ಅವರ ಹೆಂಡಿರಿಗೂ ನೆನಪಿಲ್ಲ. ಇಬ್ಬರೂ ಕೆಲಸ ಬಿಟ್ಟು ಎಷ್ಟೋ ಕಾಲ ಆಯಿತು, ಕರೆದ ಕೂಡಲೇ ಬಂದರು. ಬಾಲ್ಕನಿಯಿಂದ ಹಗ್ಗ ಇಳಿಬಿಟ್ಟು ಬೀದಿಯಿಂದಲೇ ಬೀರು ಎತ್ತಿದರು.

ಇವರು ಕೆಳಗೆ ನಿಂತು ಗೋಡೆಗೆ ಅಂಗೈ ತಟ್ಟುತ್ತಿದ್ದರು. ಒಂದು ತಟ್ಟಿದರೆ ನಿಲ್ಲಿ. ಎರಡು ತಟ್ಟಿದರೆ ಎತ್ತಿ. ಹೊರುವಾಗ ಮಾತಾಡಲು ಉಸಿರು ಉಳಿಯುವುದಿಲ್ಲ, ಅದಕ್ಕೆ ಮೂವರೂ ಸೇರಿ ಮಾಡಿಕೊಂಡ ಭಾಷೆಯಂತೆ. ಇವರ ಮುಖ ಎಷ್ಟೋ ವರ್ಷದ ಮೇಲೆ ಅರಳಿತ್ತು.

ನಾನು ಹೇಳಿರಲಿಲ್ವಾ ಅಂತ ಒಂದು ಮಾತು ಬರುತ್ತದೆ ಅಂತ ಸಂಜೆಯವರೆಗೂ ಕಾದೆ. ಬರಲಿಲ್ಲ. ಬಂದಿದ್ದರೆ ನಾಲ್ಕು ವಾಪಸ್ಸು ಕೊಟ್ಟು ಹಗುರಾಗುತ್ತಿದ್ದೆ.

ಡಿಸೆಂಬರ್ 5

ಮೇಲಿನ ರೂಮೇ ಬೇಕು ಅಂದವರು ಇವರು. ಜೀವಮಾನ ಇಡೀ ಬೇರೆಯವರ ಮಂಚ ಮೇಲೆ ಹತ್ತಿಸಿ ನಾನು ಕೆಳಗಿಳಿದು ಬಂದೆ, ಇನ್ನು ನಾನೂ ಮೇಲೆ ಮಲಗುತ್ತೇನೆ ಅಂತ. ಕಿಟಕಿ ಪಕ್ಕ ಕೂತಿರುತ್ತಾರೆ. ಬೀದಿಯಲ್ಲಿ ಸಾಮಾನಿನ ಲಾರಿ ಹೋದರೆ, ಮಂಚ ಕಟ್ಟಿರುವ ಚಂದ ನೋಡು, ದಡ್ಡ ನನ್ಮಕ್ಕಳು ಅಂತ ಬೈಯುತ್ತಾರೆ. ಕೆಳಗೆ ನಾನೂ ಸೊಸೆಯೂ ಬೆನ್ನಿಗೆ ಬೆನ್ನು ಕೊಟ್ಟು ಬೇಯಿಸುತ್ತೇವೆ. ಮೊಣಕೈ ತಾಗುವುದಿಲ್ಲ.

ಸುಖವಾಗಿದ್ದೇವೆ. ಬರೆಯುವಂಥದ್ದೇನೂ ಇಲ್ಲ.

ಜನವರಿ 21, ಮಧ್ಯಾಹ್ನ, ಆಸ್ಪತ್ರೆ

ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ, ಅದು ಮನೆಯಲ್ಲೇ ಉಳಿಯಿತು. ಔಷಧಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ.

ಬೆಳಗ್ಗೆ ಏಳೂವರೆ. ಚಹಾ ತಗೊಂಡು ಮೇಲೆ ಹೋದೆ. ಬಾಯಿ ಸೊಟ್ಟ, ಬಲಗೈ ಬಿದ್ದುಹೋಗಿದೆ, ಮಾತಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದೆ. ಆಂಬುಲೆನ್ಸು ಬೇಗ ಬಂತು. ಬಂದು ಏನು ಮಾಡೀತು… ಸ್ಟ್ರೆಚರು ತಿರುವಿನಲ್ಲಿ ತಿರುಗಲಿಲ್ಲ. ಮೇಲಕ್ಕೆ ಎತ್ತಿದರು, ಓರೆ ಮಾಡಿದರು. ಇಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೊಸೆಯ ಎರಡು ದುಪಟ್ಟಾದಲ್ಲಿ ಕಟ್ಟಿ, ಇಳಿಸಲು ಶುರು ಮಾಡಿದರು.

ಆಗ ಇವರು ಎಡಗೈಯಲ್ಲಿ ಗೋಡೆ ತಟ್ಟಿದರು. ಒಂದು.

ಆಂಬುಲೆನ್ಸಿನ ಆ ಇಬ್ಬರಿಗೆ ಏನು ಗೊತ್ತು. ಇಳಿಸುತ್ತಲೇ ಇದ್ದರು. ಕುರ್ಚಿಯ ಕಾಲು ಕೈ ಹಿಡಿಯುವ ಕಂಬಿಗೆ ಸಿಕ್ಕಿತ್ತು, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೂವರೂ ಕೆಳಗೆ. ನಾನು ಕೆಳಗಿನಿಂದ ಕೂಗಿದೆ — ನಿಲ್ಲಿ, ನಿಲ್ಲಿ ಅಂತಿದ್ದಾರೆ. ನಿಂತರು. ಕಾಲು ಬಿಡಿಸಿದರು. ಇವರು ಎರಡು ತಟ್ಟಿದರು. ಈಗ ಎತ್ತಿ ಅಂದೆ. ಹೀಗೆ ಒಂದೊಂದೇ ಮೆಟ್ಟಿಲು. ತನ್ನನ್ನು ಹೊರುವ ಕೆಲಸಕ್ಕೂ ತಾನೇ ಮೇಸ್ತ್ರಿ.

ತಿರುವಿನಲ್ಲೇ ಇಪ್ಪತ್ತು ನಿಮಿಷ ಹೋಯಿತು. ಇನ್ನೂ ಬೇಗ ಕರ್ಕೊಂಡು ಬಂದಿದ್ರೆ… ಅಂತ ಡಾಕ್ಟರು ಶುರು ಮಾಡಿದರು. ನನ್ನ ಮುಖ ನೋಡಿ ನಿಲ್ಲಿಸಿದರು.

ಮನೆ ಕಟ್ಟೋದು ಮನುಷ್ಯರಿಗೆ ಕಣ್ರೀ. ಎಷ್ಟು ಚೆನ್ನಾಗಿ ಹೇಳಿದ್ದೆ.

ಫೆಬ್ರವರಿ 27

ಮನೆಗೆ ಕರೆತಂದು ಹದಿನೈದು ದಿನ. ಮಂಚ ಅಡುಗೆಮನೆಯಲ್ಲಿ ಹಾಕಿದ್ದೇವೆ. ನಡುಮನೆಯಲ್ಲಿ ಹಾಕಿದರೆ ಓಡಾಡಲು ದಾರಿಯಿಲ್ಲ, ಕೆಳಗೆ ಬೇರೆಲ್ಲೂ ಹಿಡಿಸಲಿಲ್ಲ. ಈಗ ಸೊಸೆಗೂ ನನಗೂ ಒಟ್ಟಿಗೆ ನಿಲ್ಲಲು ಜಾಗವಿಲ್ಲ. ಒಬ್ಬಳು ತಿರುಗಬೇಕಾದರೆ ಇನ್ನೊಬ್ಬಳು ಹೊರಗೆ.

ಒಗ್ಗರಣೆ ಹಾಕಿದರೆ ಇವರಿಗೆ ಕೆಮ್ಮು. ಕಿಟಕಿ ಇದೆ, ತೆರೆದರೆ ಪಕ್ಕದ ಮನೆಯ ಗೋಡೆ. ದಿನಕ್ಕೆ ಹತ್ತು ಸಲ ಎಡಗೈಯಲ್ಲಿ ಗೋಡೆ ತಟ್ಟುತ್ತಾರೆ, ಎರಡೆರಡು. ಎತ್ತಿ ಕೂರಿಸಬೇಕೇನೋ ಅಂತ ಸೊಸೆ ಓಡಿ ಬಂದು ಕೂರಿಸುತ್ತಾಳೆ, ಪಾಪ. ತಲೆ ಅಲ್ಲಾಡಿಸುತ್ತಾರೆ. ಕಣ್ಣು ಮಾಳಿಗೆಯ ಕಡೆಗೆ. ನನಗೆ ಮೊದಲ ದಿನವೇ ಅರ್ಥವಾಗಿತ್ತು. ಅರ್ಥವಾಗದ ಹಾಗೆ ಪಾತ್ರೆ ತೊಳೆಯುತ್ತಿದ್ದೆ.

ಮೆಟ್ಟಿಲಿಗೆ ಕಂಬಿ ಕೂರಿಸಿ, ಅದರ ಮೇಲೆ ಜಾರುವ ಕುರ್ಚಿ ಹಾಕುತ್ತಾರಂತೆ, ಕರೆಂಟಿನದು. ಮಗ ಒಬ್ಬನನ್ನು ಕರೆಸಿದ. ಅವನು ಟೇಪು ಹಿಡಿದು ಅಳೆದ, ತಿರುವಿನಲ್ಲಿ ಮತ್ತೊಮ್ಮೆ ಅಳೆದ. ಒಂದು ಅರ್ಧ ಅಡಿ ಜಾಸ್ತಿ ಇದ್ದಿದ್ರೆ ಆಗ್ತಿತ್ತು ಸಾರ್ ಅಂದ.

ಮಗ ನನ್ನ ಕಡೆ ತಿರುಗಲೂ ಇಲ್ಲ. ತಿರುಗಿದ್ದರೆ ಚೆನ್ನಾಗಿತ್ತು.

ಮಾರ್ಚ್ 4

ಮನೆಯಲ್ಲಿ ಯಾರೂ ಇರಲಿಲ್ಲ. ಇವರಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಸ್ಟೂಲಿನ ಮೇಲೆ ಕೂತೆ. ಎಷ್ಟು ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದೆ. ಜಗತ್ತಿಗೆಲ್ಲ ಮಾತು ಎಸೆದವಳಿಗೆ ಇದೊಂದು ಹೊರಡಲಿಲ್ಲ.

"ಅವತ್ತು ಅಷ್ಟು ಜನರ ಮುಂದೆ ಹಾಗಂದೆ ನೋಡಿ. ಅರ್ಧ ಅಡಿ ಅಲ್ಲ ನಾನು ಕಿತ್ಕೊಂಡಿದ್ದು. ನಿಮಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ, ಅದನ್ನ ಎಲ್ರೂ ನಗೋ ಹಾಗೆ ಮಾಡಿಬಿಟ್ಟೆ. ತಪ್ಪಾ…"

ಇವರು ಗೋಡೆ ತಟ್ಟಿದರು. ಒಂದೇ ಏಟು.

ನಿಲ್ಲಿಸಿದೆ.

ಸಾಕು ಬಿಡು ಅಂದರೋ, ಈಗೇನು ಪ್ರಯೋಜನ ಅಂದರೋ. ಕೇಳೋಣ ಅಂದರೆ ಕಣ್ಣು ಮುಚ್ಚಿಕೊಂಡಿದ್ದರು.

ಮಾರ್ಚ್ 9

ಇವರನ್ನು ಮೇಲೆ ಹತ್ತಿಸಬೇಕು ಅಂತ ಉದ್ದಣ್ಣನಿಗೆ ನಾನೇ ಫೋನು ಮಾಡಿದೆ. ನಂಬರು ಒತ್ತಿಕೊಟ್ಟವಳು ಮೊಮ್ಮಗಳು. ಮಗನಿಗೆ ಕೋಪ. ಆ ಮುದುಕರ ಕೈ ಜಾರಿದರೆ ಏನು ಗತಿ, ಹತ್ತಿಸಿದ ಮೇಲೆ ಮತ್ತೆ ಇಳಿಸುವವರು ಯಾರು ಅಂತ. ಅವನು ಹೇಳುವುದು ಸರಿಯೇ. ಹತ್ತಿದರೆ ಮತ್ತೆ ಇಳಿಯುವುದಿಲ್ಲ. ಇವರಿಗೂ ಗೊತ್ತು.

ಆದರೂ ಎರಡು ತಟ್ಟುವುದನ್ನು ಬಿಟ್ಟಿಲ್ಲವಲ್ಲ.

ಮಾರ್ಚ್ 12, ಬೆಳಗ್ಗೆ ಹತ್ತು ಗಂಟೆ

ಬಂದರು. ಹೆಗಲಿಗೆ ಸಾಮಾನು ಹೊರುವ ಅದೇ ಹಳೆಯ ಪಟ್ಟಿ. ಉದ್ದಣ್ಣ ಕೆಳಗಿನ ಮೆಟ್ಟಿಲಿಗೆ, ಕುಳ್ಳಣ್ಣ ಮೇಲಿನದಕ್ಕೆ, ಹಾಗಿದ್ದರೇ ಭಾರ ಸಮ ಅಂತೆ. ಕುಳ್ಳಣ್ಣ ಇವರ ಕೆನ್ನೆ ತಟ್ಟಿ, "ನಿನ್ನಂಥ ಹಗುರದ ಬೀರು ನಾವು ಯಾವತ್ತೂ ಹೊತ್ತಿಲ್ಲ ಕಣಯ್ಯ" ಅಂದ. ಇವರ ಬಾಯಿ ಒಂದು ಕಡೆ ನಕ್ಕಿತು.

ನಾನೂ ಹಿಂದೆ ಹೊರಟೆ. ನೀವು ಇಲ್ಲೇ ಕೂತಿರಿ ಅತ್ತಿಗೆ, ನೀವು ಮಾತಾಡಿದರೆ ನಮಗೆ ಏಟು ಕೇಳಿಸುವುದಿಲ್ಲ ಅಂದರು. ಕೂತಿದ್ದೇನೆ. ಖಾಲಿ ಮಂಚದ ಮೇಲೆ. ಕೈಗೆ ಕೆಲಸ ಬೇಕು, ಬರೆಯುತ್ತಿದ್ದೇನೆ. ನಾನು ತಳ್ಳಿಸಿದ ಗೋಡೆ ಪಕ್ಕದಲ್ಲೇ ಇದೆ. ಆಚೆಗೆ ಅವರು.

ಎರಡು ಏಟು. ಎತ್ತಿದರು.

ಹೆಜ್ಜೆ ಕೇಳುತ್ತದೆ. ನಾಲ್ಕು… ಐದು.

ಒಂದು. ನಿಂತರು. ಯಾರದೋ ಉಸಿರು.

ಎರಡು. ಎತ್ತಿದರು. ಆರು, ಏಳು, ಎಂಟು. ತಿರುವು.

ಒಂದು.

ನಿಂತಿದ್ದಾರೆ. ಏನೋ ಕೆರೆದ ಸದ್ದು. ತುಂಬಾ ಹೊತ್ತಾಯಿತು. ಎಡಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದೇನೆ. ಸಿಮೆಂಟು ತಣ್ಣಗಿದೆ. ಇನ್ನೆರಡು ಬರಬೇಕು.

ಒಂದು ಬಂತು. ಇನ್ನೊಂದು