ಮನೆಯೊಳಗೆ ಮಲಗುವ ಬ್ಯಾಟರಿ

ತೀತ್ತಾಖ್, ಯಾಕೂತಿಯಾ
ಜನವರಿ ೨೦

ಪ್ರೀತಿಯ ಎರ್ಚಿಮ್,

ಹೇಗಿದ್ದೀಯ? ಗಣಿಯಲ್ಲಿ ಇಲ್ಲಿನಷ್ಟು ಚಳಿಯಿಲ್ಲ ಎಂದು ಬರೆದಿದ್ದೆ, ನಾನು ನಂಬಲಿಲ್ಲ. ಬೆನ್ನುನೋವು ಕಡಿಮೆಯಾಯಿತೇ? ಅತ್ತೆ ನಾಯಿಯ ಕೂದಲಿನಿಂದ ಹೆಣೆದುಕೊಟ್ಟ ಸೊಂಟಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಗೆಳೆಯರು ನಗುತ್ತಾರೆಂದು ದಿಂಬಿನಡಿ ಬಚ್ಚಿಟ್ಟಿದ್ದೀಯೋ? ಬಚ್ಚಿಟ್ಟಿದ್ದೀಯ, ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಹಸು ಹಾಲು ಕೊಡುತ್ತಿದೆ, ಕೆರೆಯಿಂದ ಕಡಿದು ತಂದ ಮಂಜುಗಡ್ಡೆ ವಸಂತದವರೆಗೂ ಕರಗಿಸಿ ಕುಡಿಯಲು ಸಾಕು. ನಿನ್ನಮ್ಮನ ಮಂಡಿ ಸ್ವಲ್ಪ ಹಿಡಿದಿದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ನಿನ್ನ ಕಾಗದ ಬಂತು. ಬದಲಿ ಆಳು ಬಂದಿಲ್ಲ, ಇನ್ನೊಂದು ಸರದಿ ಅಲ್ಲೇ ಉಳಿಯುತ್ತೇನೆ ಎಂದಿದ್ದೀಯ. ಗಾಡಿ ಸುಮ್ಮನೆ ನಿಂತು ಹಾಳಾಗುತ್ತದೆ, ಪ್ರೋಕೋಪಿ ಚಿಕ್ಕಪ್ಪನಿಗೆ ಕೊಟ್ಟುಬಿಡು, ಚಳಿಗಾಲದಲ್ಲಿ ಅದನ್ನು ನೋಡಿಕೊಳ್ಳುವುದು ನಿನ್ನಿಂದ ಆಗುವ ಕೆಲಸವಲ್ಲ ಎಂದೂ ಬರೆದಿದ್ದೀಯ. ಮೊದಲನೆಯ ಮಾತಿಗೆ ಅಳು ಬಂತು, ಎರಡನೆಯದಕ್ಕೆ ಕೋಪ. ಅಳುತ್ತ ಕೂತರೆ ಯಾವ ಕೆಲಸವೂ ಆಗುವುದಿಲ್ಲ, ಕೋಪದಲ್ಲಾದರೆ ಆಗುತ್ತದೆ. ನೇರ ಅಂಗಳಕ್ಕೆ ಹೋಗಿ ಗಾಡಿಯ ಮೇಲಿನ ಹಿಮ ಗುಡಿಸಿದೆ.

ನೀನಿದ್ದಾಗ ಅಕ್ಟೋಬರ್‌ನಲ್ಲಿ ಶುರು ಮಾಡಿದ ಇಂಜಿನ್ನನ್ನು ಏಪ್ರಿಲ್‌ವರೆಗೆ ಆರಿಸುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ನಾನೂ ಓಡಿಸುತ್ತೇನೆ, ಆದರೆ ಈ ಚಳಿಯಲ್ಲಿ ಆರಿದ ಇಂಜಿನ್ ಹೇಗಿರುತ್ತದೆಂದು ನೋಡಿಯೇ ಇರಲಿಲ್ಲ. ನೀನು ಹೊರಡುವ ಮುಂಚೆ ಬಿಚ್ಚಿಟ್ಟು ಹೋದ ಬ್ಯಾಟರಿ ಒಲೆಯ ಪಕ್ಕದ ಬೆಂಚಿನ ಮೇಲೆ ಬೆಚ್ಚಗೆ ಮಲಗಿತ್ತು. ಅತ್ತೆ ಅದಕ್ಕೆ ನಿನ್ನ ಹಳೆಯ ಕೋಟು ಹೊದಿಸಿದ್ದರು. ಹೊತ್ತುಕೊಂಡು ಹೋಗಿ ಸಿಕ್ಕಿಸಿ ಕೀ ತಿರುಗಿಸಿದೆ. ಊಂ... ಊಂ... ಎಂದು ಮುದಿ ಹಸು ಏಳಲು ಹೆಣಗಿದಂತೆ ಹೆಣಗಿ, ಸುಮ್ಮನಾಯಿತು.

ಬ್ಯಾಟರಿ ಸೊರಗಿದೆ ಎಂದುಕೊಂಡು ಚಾರ್ಜರ್ ಕೇಳಲು ಹೋದದ್ದು ಯಾರ ಮನೆಗೆ ಗೊತ್ತೇ? ಗಾಡಿ ಸಿಗುತ್ತದೆಂದು ಕಾದು ಕೂತಿರುವ ಪ್ರೋಕೋಪಿ ಚಿಕ್ಕಪ್ಪನ ಮನೆಗೇ. ಪಾಪ, ಕೊಟ್ಟರು, ಬುದ್ಧಿಯನ್ನೂ ಹೇಳಿದರು. "ಬರಿದಾದ ಬ್ಯಾಟರಿನ ಹೊರಗೆ ಬಿಡಬೇಡ ತಾಯಿ, ಒಳಗಿರೋ ನೀರು ಗಡ್ಡೆ ಕಟ್ಟಿ ಹೊಟ್ಟೆ ಒಡ್ಕೊಳ್ಳುತ್ತೆ. ತುಂಬಿರೋದು ಅಷ್ಟು ಸುಲಭಕ್ಕೆ ಹೆಪ್ಪುಗಟ್ಟಲ್ಲ." ಒಂದೇ ಡಬ್ಬ, ಒಂದೇ ಚಳಿ, ತುಂಬಿದ್ದರೆ ತಡೆಯುತ್ತದೆ, ಬರಿದಾದರೆ ಇಲ್ಲ. ಇದು ನನಗೆ ಎಷ್ಟು ಸೋಜಿಗವಾಯಿತೆಂದರೆ ಆ ದಿನವೆಲ್ಲ ಅದನ್ನೇ ಯೋಚಿಸುತ್ತಿದ್ದೆ. ನಿನ್ನ ಬಗ್ಗೆಯೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ.

ಚಾರ್ಜ್ ಮಾಡಿ ಮತ್ತೆ ಸಿಕ್ಕಿಸಿದೆ. ಮತ್ತೆ ಅದೇ ಊಂ. ಬ್ಯಾಟರಿ ಹೊತ್ತು ಒಳಗೆ ಬಂದವಳನ್ನು ನೋಡಿ ಅತ್ತೆ, ಹಾಲಿನ ಚಹಾ ಕಲಕುತ್ತಲೇ ಅಂದರು, "ದಿನಾ ಇದೊಂದನ್ನೇ ಎತ್ಕೊಂಡು ಬಂದು ಒಲೆ ಹತ್ರ ಮಲಗಿಸ್ತೀಯ. ಇಂಜಿನ್ ಏನ್ ಪಾಪ ಮಾಡಿತ್ತು?" ನಗು ಬಂತು, ಆಮೇಲೆ ಯೋಚನೆಗೆ ಬಿದ್ದೆ. ಇಂಜಿನ್ ಎಣ್ಣೆಯನ್ನು ಎರಡು ಬಟ್ಟಲಿಗೆ ಹಾಕಿ ಒಂದನ್ನು ಅಂಗಳದಲ್ಲಿ, ಒಂದನ್ನು ಒಲೆಯ ಬಳಿ ಇಟ್ಟು ನೋಡಿದೆ. ಒಲೆಯ ಬಳಿಯದು ಹಾಲಿನಂತೆ ಹರಿಯಿತು. ಹೊರಗಿನದನ್ನು ಬೋರಲು ಹಾಕಿದರೂ ಬೀಳಲಿಲ್ಲ. ಇಂಥ ಅಂಟಿನಲ್ಲಿ ಸಿಕ್ಕಿಕೊಂಡ ಇಂಜಿನ್ನನ್ನು ಪಾಪದ ಬ್ಯಾಟರಿ ಹೇಗೆ ತಿರುಗಿಸಬೇಕು? ನಾನು ಅದನ್ನು ಸುಮ್ಮನೆ ಬೈದಿದ್ದೆ.

ನಿನ್ನೆ ಬೆಳಿಗ್ಗೆ ಹಳೆಯ ಕಬ್ಬಿಣದ ಟ್ರೇ ತುಂಬ ಕೆಂಡ ಹಾಕಿ ಇಂಜಿನ್ನಿನ ಹೊಟ್ಟೆಯಡಿಗೆ ತಳ್ಳಿದೆ. ಗಾಡಿಯ ಮೂತಿಗೆ ನೆಲ ಮುಟ್ಟುವಂತೆ ದಪ್ಪ ಹೊದಿಕೆ ಹೊದಿಸಿ, ಬೆಂಕಿ ತಗುಲದಂತೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಅತ್ತೆ ಮಂಡಿ ಹಿಡಿದುಕೊಂಡು ಹೊರಗೆ ಬಂದು ಕೆಂಡಕ್ಕೆ ಬೆಣ್ಣೆ ಸವರಿದ ದೋಸೆಯ ಚೂರು ಹಾಕಿದರು. ಒಲೆಯ ಬೆಂಕಿಗೆ ಉಣಿಸುವ ಹಾಗೆಯೇ ಉಣಿಸಿ, "ಇವಳ ಮಾತು ಕೇಳು, ನನ್ನ ಮಗನ್ನ ಕರ್ಕೊಂಡು ಬರ್ಬೇಕು" ಎಂದು ಬೆಂಕಿಯ ಜೊತೆ ಮಾತಾಡಿದರು. ಅಷ್ಟರಲ್ಲಿ ಪ್ರೋಕೋಪಿ ಚಿಕ್ಕಪ್ಪ ಗಾಡಿ ಎಳೆದೊಯ್ಯಲು ಹಗ್ಗ ಹಿಡಿದು ಬಂದರು. ಅತ್ತೆ ತಿರುಗಿಯೂ ನೋಡದೆ, "ಚಹಾ ಕುಡ್ಕೊಂಡು ಹೋಗು ಪ್ರೋಕೋಪಿ. ಹಗ್ಗ ಇಲ್ಲೇ ಬಿಟ್ಟು ಹೋಗು, ಕರು ಕಟ್ಟಕ್ಕೆ ಬೇಕು" ಅಂದರು.

ಎಣ್ಣೆ ಕರಗಿದ ಮೇಲೆ ಬೆಚ್ಚಗಿನ ಬ್ಯಾಟರಿ ಸಿಕ್ಕಿಸಿ, ನೀನು ಹೇಳುವಂತೆ ಕ್ಲಚ್ ಒತ್ತಿಹಿಡಿದು ಕೀ ತಿರುಗಿಸಿದೆ. ಊಂ ಎಂದಿತು, ಕೆಮ್ಮಿತು, ಶುರುವಾಯಿತು. ಚಿಕ್ಕಪ್ಪ ಚಹಾದ ಲೋಟ ಹಿಡಿದು ನಿಂತೇ ಇದ್ದರು. ಎರ್ಚಿಮ್, ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆವತ್ತು ಕೋಪದಲ್ಲಿ ಬಾಕಿ ಉಳಿದಿದ್ದ ಅಳು ಅದು.

ಅಮ್ಮನ ಆಶೀರ್ವಾದಗಳು. ಸೊಂಟಪಟ್ಟಿ ಕಟ್ಟಿಕೊ. ಹೊಟ್ಟೆ ತುಂಬ ಉಣ್ಣು.

ನಿನ್ನ,
ತುಯಾರಾ

ಅಂಚೆಯವನು ಬಾಗಿಲಲ್ಲಿದ್ದಾನೆ, ಇನ್ನೊಂದೇ ಮಾತು. ಗಾಡಿ ಯಾರಿಗೂ ಕೊಡುವುದಿಲ್ಲ. ಈ ಸರದಿ ಮುಗಿಯುವ ದಿನ ನಾನೇ ಓಡಿಸಿಕೊಂಡು ವಿಮಾನ ಇಳಿಯುವಲ್ಲಿಗೆ ಬರುತ್ತೇನೆ. ಅಲ್ಲಿ ಇಂಜಿನ್ ಆರಿಸುವುದಿಲ್ಲ, ಆರಿಸಿದರೆ ಏನಾಗುತ್ತದೆಂದು ಈಗ ನನಗೂ ಗೊತ್ತು. ಆ ವಿಮಾನದಲ್ಲಿ ನೀನಿಲ್ಲದಿದ್ದರೆ ಮುಂದಿನ ವಿಮಾನದವರೆಗೂ ಇಂಜಿನ್ ಹಾಗೇ ಓಡುತ್ತಿರುತ್ತದೆ. ಪೆಟ್ರೋಲ್ ಎಷ್ಟು ಬೇಕಾಗುತ್ತದೆಂದು ಬರೆದು ತಿಳಿಸು.