ಕಬ್ಬನ್‌ಪೇಟೆಗೆ ನಡೆದ ದಿನ

ಜಯನಗರ ಮೂರನೇ ಬ್ಲಾಕ್
12-2-1979

ಅಮ್ಮಾ,

ನೀನು ಮೈಸೂರು ಸೇರಿ, ನೋಯುವ ಕಾಲಿಗೆ ಬಿಸಿನೀರು ಹಾಕಿಕೊಂಡಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಹೊಟ್ಟೆಯಲ್ಲಿರುವುದು ನಿನ್ನೆಯಿಂದ ಒಂದೇ ಸಮನೆ ಒದೆಯುತ್ತಿದೆ.

ಮಂಗಳವಾರದ ಸುತ್ತಾಟಕ್ಕೆ ನಿನಗೆ ಏನು ಹೇಳಿದರೂ ಕಡಿಮೆಯೇ. ನೀನು ಹುಟ್ಟಿ ಬೆಳೆದ ಪೇಟೆ ತೋರಿಸೆಂದು ನಾನು ಹಟ ಹಿಡಿದಾಗ, "ಚಿಕ್ಕಪೇಟೆವರೆಗೆ ಮಾತ್ರ ಕಣೇ" ಎಂದು ನೀನು ಒಪ್ಪಿಕೊಂಡೆ. ಮಾರ್ಕೆಟ್ ಹತ್ತಿರ ಬಸ್ಸಿಳಿದದ್ದೇ ತಡ, ನಿನ್ನ ನಡಿಗೆಯೇ ಬದಲಾಯಿತು. ಅವೆನ್ಯೂ ರಸ್ತೆಯನ್ನು ನೀನು ಹಳೇ ಹೆಸರಿನಲ್ಲಿ ದೊಡ್ಡಪೇಟೆ ಎಂದೇ ಕರೆದೆ. ಹಳೇ ಪುಸ್ತಕದ ರಾಶಿಗಳ ನಡುವೆ, ತಳ್ಳುಗಾಡಿಯವರನ್ನು ಬೈಯುತ್ತಾ, ನನ್ನ ಮೊಣಕೈ ಬಿಡದೆ ನಡೆಸಿದೆ. ಒಂದು ಸಂದಿಯ ಬಾಯಲ್ಲಿ ನಿಂತು, "ಇಲ್ಲೇ ನಿಮ್ಮಪ್ಪ ಸೈಕಲ್ ನಿಲ್ಲಿಸ್ಕೊಂಡು ನಂಗೆ ಕಾಯ್ತಿದ್ರು" ಎಂದೆ. ಅಪ್ಪ ಹೋದಮೇಲೆ ನೀನು ನಗುತ್ತಾ ಅವರ ಮಾತೆತ್ತಿದ್ದು ಅದೇ ಮೊದಲು.

ಚಿಕ್ಕಪೇಟೆ ದಾಟಿತು, ನೀನು ನಿಲ್ಲಲಿಲ್ಲ. ಕಬ್ಬನ್‌ಪೇಟೆಯಲ್ಲಿ ಮಗ್ಗದ ಸದ್ದು ಕೇಳಿದ ಕೂಡಲೇ ನಿಂತುಬಿಟ್ಟೆ. ಬೇರೆ ಜಾತಿಯ ಅಪ್ಪನನ್ನು ಮದುವೆಯಾದ ದಿನ, ಇನ್ನು ಈ ಹೊಸಿಲು ತುಳಿಯಬೇಡವೆಂದು ನಿನ್ನಣ್ಣ ಹೇಳಿದ ಮೇಲೆ, ಮೂವತ್ತು ವರ್ಷ ನಿನ್ನ ತವರಿನ ಆ ಬೀದಿಗೆ ಬಂದವಳಲ್ಲ ನೀನು. "ಚಪ್ಪಲಿ ಕಚ್ತಿದೆ, ವಾಪಸ್ ಹೋಗೋಣ" ಎಂದೆ.

ಅಷ್ಟರಲ್ಲಿ ಆ ಅಣ್ಣನೇ, ಸಂಜೀವಯ್ಯ ಮಾವ, ಜಗಲಿಯಿಂದ ಎದ್ದು ಬಂದರು. "ಬಿಸಿಲಲ್ಲಿ ಯಾಕ್ ನಿಂತಿದ್ದೀಯ ಕಮಲಿ, ಒಳಗೆ ಬಾ. ಅನ್ನ ಆರ್ತಿದೆ" ಎಂದರು, ನೀನು ಬೆಳಿಗ್ಗೆಯಷ್ಟೇ ಹೂವು ತರಲು ಹೋಗಿದ್ದವಳಂತೆ. ನೀನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಆ ಹೊಸಿಲು ದಾಟಿದೆ. ಕಲಸಿದ ತುತ್ತು ಎಷ್ಟೋ ಹೊತ್ತು ಕೈಯಲ್ಲೇ ಉಳಿಯಿತು. ಅತ್ತೆ ನಿನ್ನ ಬೆನ್ನು ಸವರುತ್ತಾ ಕೂತಿದ್ದರು.

ಅಜ್ಜಿಯ ತವರು ಎಲ್ಲಿ ಎಂದು ನನ್ನ ಮಗು ಕೇಳಿದರೆ ಇನ್ನು ನಾನು ಕೈಹಿಡಿದು ಕರೆದೊಯ್ಯಬಲ್ಲೆ. ಅಂಜಿಕೆ ನುಂಗಿಕೊಂಡು ನನಗಾಗಿ ಅಷ್ಟು ದೂರ ನಡೆದೆಯಲ್ಲ, ಅದನ್ನು ಮರೆಯಲಾರೆ. ಸೀಮಂತಕ್ಕೆ ಮಾವ ತಾವೇ ನೇಯ್ದ ಸೀರೆ ತರುತ್ತಾರಂತೆ. ಬೇಗ ಬಾ.

ನಿನ್ನ
ಚೂಡಾಮಣಿ

ತಾ.ಕ.: ನಿನಗೆ ಹೇಳದ ಮಾತೊಂದಿದೆ. ನೀನು ಬರುವ ಮೊದಲೇ ನಾನೊಬ್ಬಳೇ ಮಾವನನ್ನು ಹುಡುಕಿಕೊಂಡು ಹೋಗಿದ್ದೆ. "ನಾನೇ ಬಂದು ಕರೀಬೇಕಿತ್ತಮ್ಮ, ಯಾವ ಮುಖ ಇಟ್ಕೊಂಡು ಬರ್ಲಿ" ಎಂದು ಅತ್ತರು. ನಿನಗೆ ತಿಳಿಸದೆ ಕರೆದುಕೊಂಡು ಬಾ ಎಂದವರೂ ಅವರೇ. ಮಂಗಳವಾರ ಬೆಳಗಿನಿಂದ ಮಗ್ಗ ನಿಲ್ಲಿಸಿ ಜಗಲಿಯಲ್ಲೇ ಕೂತಿದ್ದರಂತೆ.